ಸಂಪಾದಕರ ಉತ್ತರ: ಒಂದು ಪಕ್ಷದ ಪರ ನಿಂತವರು ಜಡ್ಜ್ ಆದರೆ?

ಪ್ರಿಯ ಓದುಗರೇ,

ಅಮೆರಿಕದ ಕಪ್ಪು ವಕೀಲೆ, ಆಮೇಲೆ ಜಡ್ಜ್ ಆದ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಪ್ಪತ್ತು ವರ್ಷ ಕಪ್ಪು ಜನರ ಪರವಾಗಿಯೇ ವಾದ ಮಾಡಿದವರು ಜಡ್ಜ್ ಕುರ್ಚಿಯಲ್ಲಿ ಕೂತರೆ ಎದುರು ಪಕ್ಷದವರಿಗೆ ನ್ಯಾಯ ಸಿಗುತ್ತದೆಂದು ನಂಬುವುದು ಹೇಗೆ ಅನ್ನುವುದು ಮೊದಲನೆಯದು. ಹೋರಾಟ ಮುಗಿಯುವ ಮೊದಲೇ ಸರ್ಕಾರ ಕೊಟ್ಟ ಹುದ್ದೆ ಒಪ್ಪಿಕೊಂಡದ್ದು ಸರಿಯೇ ಅನ್ನುವುದು ಎರಡನೆಯದು. ಎರಡು ಸಾಲಿನಲ್ಲಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಪ್ರಶ್ನೆಯನ್ನು 1975ರಲ್ಲಿ ಕೋರ್ಟಿನಲ್ಲೇ ಅವರ ಮುಂದೆ ಇಟ್ಟಿದ್ದರು. ನ್ಯೂಯಾರ್ಕಿನ ಸಲಿವನ್ ಅಂಡ್ ಕ್ರಾಮ್‌ವೆಲ್ ಎಂಬ ದೊಡ್ಡ ಕಾನೂನು ಸಂಸ್ಥೆಯ ಮೇಲೆ ಒಂದು ದಾವೆ ಬಿದ್ದಿತ್ತು. ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಂಗಸರಿಗೆ ತಾರತಮ್ಯ ಮಾಡುತ್ತಾರೆ ಅನ್ನುವ ದೂರು. ಕೇಸು ಮೋಟ್ಲಿ ಅವರ ಮುಂದೆ ಬಂತು. ಸಂಸ್ಥೆಯವರು, ನೀವು ಇಂಥ ಕೇಸುಗಳನ್ನೇ ನಡೆಸಿದವರು, ನೀವೂ ತಾರತಮ್ಯ ಅನುಭವಿಸಿರಬಹುದು, ಈ ಕೇಸಿನಿಂದ ಹಿಂದೆ ಸರಿಯಿರಿ ಎಂದು ಅರ್ಜಿ ಹಾಕಿದರು. ಅವರು ಸರಿಯಲಿಲ್ಲ. ಹಿನ್ನೆಲೆ, ಬಣ್ಣ, ಲಿಂಗ ಇವೇ ಕಾರಣವಾಗುವುದಾದರೆ ಈ ಕೋರ್ಟಿನ ಯಾವ ಜಡ್ಜೂ ಈ ಕೇಸು ಕೇಳುವಂತಿಲ್ಲ, ಎಲ್ಲರಿಗೂ ಒಂದು ಬಣ್ಣ, ಒಂದು ಲಿಂಗ ಇದ್ದೇ ಇದೆಯಲ್ಲ ಅನ್ನುವುದು ಅವರ ಉತ್ತರದ ಸಾರ. ಹಲವು ಜಡ್ಜ್‌ಗಳು ದೊಡ್ಡ ಕಾನೂನು ಸಂಸ್ಥೆಗಳಿಂದಲೇ ಬಂದವರು ಅನ್ನುವುದನ್ನೂ ಸೇರಿಸಿದರು. ನನಗೆ ಈ ಉತ್ತರ ಪೂರ್ತಿ ಒಪ್ಪಿಗೆ. ದೊಡ್ಡ ಕಂಪನಿಗಳ ಪರ ಮೂವತ್ತು ವರ್ಷ ವಾದ ಮಾಡಿ ಜಡ್ಜ್ ಆದವರನ್ನು ನಾವ್ಯಾರೂ ಈ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಆದರೆ ಅಷ್ಟಕ್ಕೇ ಬಿಟ್ಟರೆ ನಿಮ್ಮ ಅನುಮಾನ ಹೋಗುವುದಿಲ್ಲ. ಅವರ ವಕೀಲಿಕೆ ಎಂಥದ್ದು ಅಂತ ನೋಡಬೇಕು.

ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕೇಸನ್ನೇ ತೆಗೆದುಕೊಳ್ಳಿ. ವಾಯುಪಡೆಯಲ್ಲಿ ಕೆಲಸ ಮಾಡಿ ಬಂದ ಜೇಮ್ಸ್ ಮೆರಿಡಿತ್ ಎಂಬ ಕಪ್ಪು ಯುವಕ 1961ರಲ್ಲಿ ಅಲ್ಲಿ ಸೀಟು ಕೇಳಿದ. ನೀನು ಕಪ್ಪು, ಅದಕ್ಕೇ ಸೀಟಿಲ್ಲ ಎಂದು ವಿಶ್ವವಿದ್ಯಾಲಯ ಎಲ್ಲೂ ಬರೆದುಕೊಡಲಿಲ್ಲ. ನಿಯಮ ತೋರಿಸಿತು. ಹಳೆಯ ವಿದ್ಯಾರ್ಥಿಗಳಿಂದ ಶಿಫಾರಸು ಪತ್ರ ತಾ ಎಂದಿತು. ಹಳೆಯ ವಿದ್ಯಾರ್ಥಿಗಳೆಲ್ಲ ಬಿಳಿಯರು, ಮೆರಿಡಿತ್‌ಗೆ ಪತ್ರ ಕೊಡುವವರು ಯಾರು? ನೀನು ಈಗ ಓದುತ್ತಿರುವ ಕಾಲೇಜಿಗೆ ಮಾನ್ಯತೆ ಇಲ್ಲ ಎಂದಿತು. ಮೋಟ್ಲಿ ಒಂದೊಂದೇ ನಿಯಮ ಹಿಡಿದು, ದಾಖಲೆ ತರಿಸಿ, ಅಧಿಕಾರಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಿದರು. ಕೆಳಗಿನ ಕೋರ್ಟು ಒಪ್ಪಲಿಲ್ಲ. 1962ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟು, ಮೆರಿಡಿತ್‌ಗೆ ಪ್ರವೇಶ ಸಿಗದೇ ಇದ್ದದ್ದಕ್ಕೆ ಅವನ ಬಣ್ಣವೇ ಕಾರಣ ಎಂದಿತು. ಅವನು ಕ್ಯಾಂಪಸ್‌ಗೆ ಬಂದ ರಾತ್ರಿ ಗಲಭೆಯಾಗಿ ಇಬ್ಬರು ಸತ್ತರು. ಮಾರನೇ ದಿನ, ಅಕ್ಟೋಬರ್ 1ರಂದು, ಅವನ ಹೆಸರು ದಾಖಲಾಯಿತು.

ಆ ದಿನಗಳಲ್ಲಿ ಮಿಸಿಸಿಪ್ಪಿಯಲ್ಲಿ ಮೋಟ್ಲಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಓಡಾಡುತ್ತಿದ್ದವರು ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್. ಒಂದು ಸಲ ಮೋಟ್ಲಿ ಕಾರಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಆ ಹಾಳೆಗಳನ್ನು ನ್ಯೂಸ್‌ಪೇಪರ್ ಒಳಗೆ ಮುಚ್ಚಿಡಿ, ಹಿಂದೆ ತಿರುಗಿ ನೋಡಬೇಡಿ ಎಂದರು ಎವರ್ಸ್. ಪೊಲೀಸರು ಹಿಂಬಾಲಿಸುತ್ತಿದ್ದರು. 1963ರ ಜೂನ್‌ನಲ್ಲಿ ಎವರ್ಸ್ ಅವರನ್ನು ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು.

ಇಂಥ ಕಡೆ ಕೋಪ ಮಾಡಿಕೊಂಡರೆ ಕೇಸು ಗೆಲ್ಲುವುದಿಲ್ಲ. ಸಾಕ್ಷ್ಯ ಬೇಕು. ಸಾಕ್ಷ್ಯ ಎಂದರೆ ಏನು, ನೆಪ ಎಂದರೆ ಏನು ಅನ್ನುವುದನ್ನು ಮೋಟ್ಲಿ ಕಲಿತದ್ದು ಅಲ್ಲಿ. ಜಡ್ಜ್ ಆದಾಗ ಜೊತೆಗೆ ತಂದದ್ದೂ ಅದನ್ನೇ. 1978ರಲ್ಲಿ ಒಬ್ಬ ಕ್ರೀಡಾ ವರದಿಗಾರ್ತಿಯ ಕೇಸು ಬಂತು. ಯಾಂಕಿ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಆಟ ಮುಗಿದ ಮೇಲೆ ಗಂಡಸು ವರದಿಗಾರರು ಆಟಗಾರರ ಡ್ರೆಸ್ಸಿಂಗ್ ರೂಮಿಗೆ ಹೋಗಿ ಮಾತಾಡಿಸಬಹುದಿತ್ತು, ಆಕೆ ಹೋಗುವಂತಿರಲಿಲ್ಲ. ಆಟಗಾರರ ಮಾನದ ಪ್ರಶ್ನೆ ಎಂದರು ಬೇಸ್‌ಬಾಲ್ ಅಧಿಕಾರಿಗಳು. ಮೋಟ್ಲಿ ಮೊದಲು ನೋಡಿದ್ದು ಸ್ಟೇಡಿಯಂ ಯಾರದ್ದು ಅಂತ. ನ್ಯೂಯಾರ್ಕ್ ನಗರದ್ದು, ತಂಡಕ್ಕೆ ಗುತ್ತಿಗೆ ಕೊಟ್ಟದ್ದು. ಸರ್ಕಾರದ ಜಾಗ ಅಂದ ಮೇಲೆ ಸಂವಿಧಾನದ ಸಮಾನತೆಯ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಇನ್ನು ಮಾನದ ಪ್ರಶ್ನೆ. ಅದಕ್ಕೆ ಟವೆಲ್ ಇದೆ, ಪರದೆ ಹಾಕಬಹುದು, ಹೆಂಗಸರನ್ನು ಹೊರಗೇ ನಿಲ್ಲಿಸುವ ಅಗತ್ಯ ಇಲ್ಲ. ಈ ತೀರ್ಪಿನಲ್ಲಿ ಪಕ್ಷಪಾತ ಎಲ್ಲಿದೆ ತೋರಿಸಿ. ಸುಮ್ನೆ ಕನಿಕರ ಪಟ್ಟು ಬರೆದ ತೀರ್ಪು ಇದಲ್ಲ. ತಾರತಮ್ಯದ ದೂರು ತಂದು, ರುಜುವಾತು ಮಾಡಲಾಗದೆ ಅವರ ಮುಂದೆಯೇ ಸೋತವರೂ ಇದ್ದಾರೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅವರು ಕೋರ್ಟಿನ ವಾದ ಬಿಟ್ಟು ನೇರವಾಗಿ ಪೀಠ ಹತ್ತಲಿಲ್ಲ. ನಡುವೆ, 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಟ್ ಸೇರಿದರು, 1965ರಲ್ಲಿ ನ್ಯೂಯಾರ್ಕ್ ನಗರದ ಭಾಗವಾದ ಮ್ಯಾನ್‌ಹಟನ್‌ನ ಆಡಳಿತದ ಮುಖ್ಯಸ್ಥೆಯಾದರು. 1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಅವರನ್ನು ಫೆಡರಲ್ ಜಡ್ಜ್, ಅಂದರೆ ಕೇಂದ್ರ ಸರ್ಕಾರದ ಕೋರ್ಟಿನ ಜಡ್ಜ್, ಹುದ್ದೆಗೆ ಹೆಸರಿಸಿದರು. ಒಪ್ಪಿಗೆ ಕೊಡಬೇಕಾದ ದೇಶದ ಸೆನೆಟ್‌ನ (ಸಂಸತ್ತಿನ ಮೇಲ್ಮನೆ) ಸಮಿತಿಯ ಅಧ್ಯಕ್ಷ ಯಾರು ಗೊತ್ತೇ? ಅದೇ ಮಿಸಿಸಿಪ್ಪಿಯ ಸೆನೆಟರ್ ಜೇಮ್ಸ್ ಈಸ್ಟ್‌ಲೆಂಡ್. ಅವರು ಮೋಟ್ಲಿಗೆ ಕಮ್ಯುನಿಸ್ಟ್ ನಂಟಿದೆ ಎಂದು ಆರೋಪ ಹೊರಿಸಿ ತಿಂಗಳುಗಟ್ಟಲೆ ಎಳೆದಾಡಿದರು. ಆಗಸ್ಟ್ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು. ಆ ದೇಶದಲ್ಲಿ ಫೆಡರಲ್ ಜಡ್ಜ್ ಆದ ಮೊದಲ ಕಪ್ಪು ಮಹಿಳೆ ಅವರೇ. ಆರಾಮಾಗಿ ಕೈಗೆ ಬಂದ ಬಹುಮಾನ ಅಲ್ಲ ಅದು.

ಆದರೂ ನಿಮ್ಮ ಮಾತಿನಲ್ಲಿ ಹುರುಳಿದೆ. ಜಡ್ಜ್ ತನ್ನ ಕೇಸು ತಾನೇ ಆರಿಸುವಂತಿಲ್ಲ. ಮ್ಯಾನ್‌ಹಟನ್ ಕೋರ್ಟಿನಲ್ಲಿ ಕಾಪಿರೈಟ್, ಷೇರು ವಹಿವಾಟು, ಮಾದಕ ವಸ್ತು, ಹೀಗೆ ಬಂದದ್ದನ್ನೆಲ್ಲ ಕೇಳಬೇಕು. ಬೀದಿಯಲ್ಲಿ ಏನು ನಡೆದರೂ ಹೊರಗೆ ಬಾಯಿಬಿಡುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಹತ್ತು ಕೇಸು ವಾದಿಸಿ ಒಂಬತ್ತು ಗೆದ್ದ ವಕೀಲೆಯ ದನಿ ಚಳವಳಿಗೆ ಇಲ್ಲವಾಯಿತು. ಇದು ನಷ್ಟ ಅಂತಲೇ ನಾನೂ ಭಾವಿಸುತ್ತೇನೆ.

ಆ ಸೋತ ಒಂದು ಕೇಸಿನ ಬಗ್ಗೆ ಹೇಳಲೇಬೇಕು. ಅಲಬಾಮಾದಲ್ಲಿ ಒಬ್ಬ ಕಪ್ಪು ಯುವಕನಿಗೆ ಮರಣದಂಡನೆ ಆಗಿತ್ತು. ಜ್ಯೂರಿಯಲ್ಲಿ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ತಂಡದಲ್ಲಿ, ಕೂರಬಹುದಾಗಿದ್ದ ಕಪ್ಪು ಜನರನ್ನೆಲ್ಲ ಸರ್ಕಾರಿ ವಕೀಲರು ಕಾರಣ ಕೊಡದೆ ತೆಗೆದುಹಾಕಿದ್ದರು. ಇದು ಅನ್ಯಾಯ ಎಂದು ಮೋಟ್ಲಿ ವಾದಿಸಿದರು. 1965ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. 1986ರಲ್ಲಿ ಕೆಂಟಕಿಯ ಇನ್ನೊಂದು ಕೇಸಿನಲ್ಲಿ ಅದೇ ಕೋರ್ಟು ತನ್ನ ನಿಲುವು ಬದಲಿಸಿತು. ಅಷ್ಟೊತ್ತಿಗೆ ಮೋಟ್ಲಿ ಪೀಠದ ಮೇಲೆ ಇಪ್ಪತ್ತು ವರ್ಷ ಕಳೆದಿದ್ದರು. ಕೆಂಟಕಿಯ ಕೇಸನ್ನು ವಾದಿಸಿ ಗೆದ್ದವರು ಬೇರೆ ವಕೀಲರು.

ವಿಶ್ವಾಸದಿಂದ,
ಸಂಪಾದಕ