ಶುಕ್ರವಾರದ ಹೊಟ್ಟೆನೋವು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ಮುಂಬೈ ಪಕ್ಕದ ಠಾಣೆಯ ಬೆನೆ ಇಸ್ರೇಲ್ (ಮಹಾರಾಷ್ಟ್ರದಲ್ಲಿ ಬಹುಕಾಲದಿಂದ ನೆಲೆಸಿದ ಯಹೂದಿ ಸಮುದಾಯ) ಕುಟುಂಬ, ಮನೆಮಾತು ಮರಾಠಿ. ಹನ್ನೆರಡೂವರೆ ವರ್ಷದ ಮಗನಿಗೆ ದೀಪಾವಳಿ ರಜೆ ಮುಗಿದಾಗಿನಿಂದ ಶುಕ್ರವಾರ ಮಧ್ಯಾಹ್ನ ಹೊಟ್ಟೆನೋವು. ಮಕ್ಕಳ ವೈದ್ಯರು ಪರೀಕ್ಷಿಸಿ ಏನೂ ಇಲ್ಲ ಎಂದ ಮೇಲೆ ತಾಯಿ ನಮ್ಮಲ್ಲಿಗೆ, ಆಪ್ತಸಲಹೆಗೆ ಕರೆತಂದರು. "ಬಾರ್ ಮಿಟ್ಜ್ವಾ ಹತ್ತಿರ ಬಂತು. ಇವನಿಗೆ ಧರ್ಮವೂ ಬೇಡ, ಓದೂ ಬೇಡ" ಎಂಬುದು ಅವರ ದೂರು. (ಬಾರ್ ಮಿಟ್ಜ್ವಾ ಎಂದರೆ ಯಹೂದಿ ಹುಡುಗ 13ಕ್ಕೆ ಧರ್ಮದ ಲೆಕ್ಕದಲ್ಲಿ ವಯಸ್ಕನಾಗುವುದು.)

ಮೂರು ವಾರ ನೋವಿನ ದಿನ, ಹೊತ್ತು ಬರೆದಿಡಲು ಹೇಳಿದೆವು. ಅರ್ಧ ಕಾರಣ ಅಲ್ಲೇ ಸಿಕ್ಕಿತು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿಯ ದಿನ ಶಬ್ಬಾತ್. ಅದರ ದೀಪವನ್ನು ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಹಚ್ಚುತ್ತಾರೆ. ಆ ಭಾಗದಲ್ಲಿ ಜೂನ್ ಕೊನೆಗೆ ಅದು ಸಂಜೆ 7ರ ಸುಮಾರಿಗೆ ಬೀಳುತ್ತದೆ, ನವೆಂಬರ್ ಕೊನೆಗೆ 5:40ಕ್ಕೇ. ಹುಡುಗನ ಗಣಿತದ ಟ್ಯೂಷನ್ 5ರಿಂದ 6:30. ಮಳೆಗಾಲದ ಮೊದಲಲ್ಲಿ ಇಲ್ಲದ ಜಗಳ ಚಳಿಗಾಲಕ್ಕೆ ಬಂದದ್ದು ಹೀಗೆ. ಟ್ಯೂಷನ್ ಬಿಟ್ಟರೆ ಅಪ್ಪ ಗದರುತ್ತಾರೆ, ದೀಪದ ಹೊತ್ತಿಗೆ ಇಲ್ಲದಿದ್ದರೆ ಅಜ್ಜಿ ಊಟ ಬಿಡುತ್ತಾರೆ. ಇದು ಹಟವಲ್ಲ, ಗಡಿಯಾರದ ತಕರಾರು.

ಇನ್ನರ್ಧ, ಬಾರ್ ಮಿಟ್ಜ್ವಾಕ್ಕೆಂದು ಕಲಿಯುವ ತೋರಾ (ಯಹೂದಿ ಧರ್ಮಗ್ರಂಥ) ಪಾಠದಲ್ಲಿತ್ತು. ಅಭ್ಯಾಸದ ಪುಸ್ತಕದಲ್ಲಿ ಸ್ವರಚಿಹ್ನೆ, ರಾಗಚಿಹ್ನೆ ಎರಡೂ ಇರುತ್ತವೆ. ಸಿನಗಾಗ್‌ನ (ಪ್ರಾರ್ಥನಾ ಮಂದಿರ) ಚರ್ಮದ ಸುರುಳಿಯಲ್ಲಿ ಬರೀ ವ್ಯಂಜನಗಳು. ಪುಸ್ತಕ ನೋಡಿ ಸರಾಗವಾಗಿ ಹಾಡುವ ಹುಡುಗ ಸುರುಳಿಯ ಮುಂದೆ ತಡವರಿಸುತ್ತಿದ್ದ. ಸಾಲದ್ದಕ್ಕೆ ಗಂಟಲು ಒಡೆಯುವ ವಯಸ್ಸು. ಸಾಮೂಹಿಕ ಪ್ರಾರ್ಥನೆಗೆ ಹತ್ತು ವಯಸ್ಕ ಗಂಡಸರು ಬೇಕು. 1948ರ ನಂತರ ಬಹಳ ಮಂದಿ ಇಸ್ರೇಲಿಗೆ ಹೋದದ್ದರಿಂದ ಆ ಹತ್ತು ಜನ ಕೂಡುವುದೇ ಕಷ್ಟ. "ಇನ್ನು ನೀನೇ ಹತ್ತನೆಯವನು" ಎಂದು ಹಿರಿಯರು ಪ್ರೀತಿಯಿಂದ ಹೇಳಿದ್ದು ಅವನಿಗೆ ಹೊರೆಯಾಗಿತ್ತು.

ಕೊಟ್ಟ ಸಲಹೆ:

ನವೆಂಬರ್‌ನಿಂದ ಫೆಬ್ರವರಿವರೆಗೆ ಶುಕ್ರವಾರದ ಟ್ಯೂಷನ್ ಗುರುವಾರಕ್ಕೆ ಬದಲಾಗಲಿ. ಮೇಷ್ಟ್ರ ಹತ್ತಿರ ತಂದೆಯೇ ಮಾತಾಡಲಿ, ಮಗನ ಕೈಲಿ ಹೇಳಿಕಳಿಸುವುದು ಬೇಡ. ಶುಕ್ರವಾರ ಅವನಿಗೊಂದು ಕೆಲಸ ಇರಲಿ: ಶಾಲೆಗೆ ಹೋಗುವ ಮುಂಚೆ ಒಂದು ಹಿಡಿ ಒಣದ್ರಾಕ್ಷಿ ನೆನೆಹಾಕುವುದು, ಸಂಜೆ ಕಿವುಚಿ ಸೋಸಿ ಕಿದ್ದೂಷಿನ (ಶಬ್ಬಾತ್ ಊಟಕ್ಕೆ ಮುಂಚಿನ ಪ್ರಾರ್ಥನೆ) ಶರಬತ್ತು ಮಾಡುವುದು. ಬಯ್ಗುಳ ಕೇಳಲು ಬರುವ ಮನೆಗೂ ಕೆಲಸಕ್ಕೆ ಬರುವ ಮನೆಗೂ ವ್ಯತ್ಯಾಸವಿದೆ.

ಓದಿಗೆ ದಿನಕ್ಕೆ 15 ನಿಮಿಷ, ಮೂರು ವಚನ ಸಾಕು. ಒಂದು ಕಾಲಂನಲ್ಲಿ ಚಿಹ್ನೆಯಿರುವ ಪಾಠ, ಪಕ್ಕದಲ್ಲಿ ಸುರುಳಿಯಂಥ ಬರಿ ಅಕ್ಷರ ಇರುವ 'ತಿಕ್ಕೂನ್' ತರಿಸಲಿ. ಮೊದಲು ಎಡವದೆ ಓದಲಿ, ರಾಗ ಆಮೇಲೆ.

ಹೆತ್ತವರಿಗೆ ಒತ್ತಿ ಹೇಳಿದ್ದು ಇದು: ಹೀಬ್ರೂ ಪಂಚಾಂಗದಂತೆ 13 ತುಂಬಿದರೆ ಹುಡುಗ ಬಾರ್ ಮಿಟ್ಜ್ವಾ ಆಗಿಯೇ ಆಗುತ್ತಾನೆ, ಓದಲಿ ಬಿಡಲಿ. ಓದುವುದು ರೂಢಿ. ತೋರಾ ಶಬ್ಬಾತ್ ದಿನವಷ್ಟೇ ಅಲ್ಲ, ಸೋಮವಾರ, ಗುರುವಾರ ಬೆಳಿಗ್ಗೆಯೂ ಓದುತ್ತಾರೆ, ಅವನ ಓದನ್ನು ಅಂದೇ ಇಟ್ಟುಕೊಳ್ಳಬಹುದು. ಅಂದು ಓದಿಗೆ ಮೂವರನ್ನಷ್ಟೇ ಕರೆಯುವುದು, ಒಬ್ಬರ ಪಾಲಿಗೆ ಮೂರು ವಚನವಾದರೂ ಸಾಕು. ಶಬ್ಬಾತ್ ಅಲ್ಲದ್ದರಿಂದ ಫೋಟೋಕ್ಕೂ ಅಡ್ಡಿಯಿಲ್ಲ. ಕೆಲಸದ ದಿನ ಹತ್ತು ಜನ ಸಿಗುವುದು ಮಾತ್ರ ಕಷ್ಟ, ಎರಡು ತಿಂಗಳು ಮೊದಲೇ ಫೋನ್ ಮಾಡಿ ಒಪ್ಪಿಸಿಕೊಳ್ಳಬೇಕು. ಮನೆಯಲ್ಲಿ ಮಲಿದಾ (ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ಮೇಲೆ ಹಣ್ಣು) ಕಲಸುವ ಜವಾಬ್ದಾರಿ ಅಜ್ಜಿ-ಮೊಮ್ಮಗ ಇಬ್ಬರದೂ ಆಗಲಿ.

ಈ ಕುಟುಂಬವೂ ಇಸ್ರೇಲಿಗೆ ಹೋಗುವ ಮಾತು ಊಟದ ಹೊತ್ತಿಗೆ ಅರ್ಧಂಬರ್ಧ ಬೇಡ. ನಿರ್ಧಾರ ಆಗಿಲ್ಲವಾದರೆ "ಇನ್ನೂ ಆಗಿಲ್ಲ, ಆದರೆ ನಿನಗೆ ಮೊದಲು ಹೇಳುತ್ತೇವೆ" ಎಂದು ಮಗನಿಗೆ ನೇರವಾಗಿ ತಿಳಿಸಿ.

ನೋವು ರಾತ್ರಿ ಎಬ್ಬಿಸಿದರೆ, ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿಗಲ್ಲ, ವೈದ್ಯರಲ್ಲಿಗೆ ಹೋಗಬೇಕು.

ಶಾಲೆಯ ವಿಷಯ ಒಂದು ಬಾಕಿ. ಯೋಮ್ ಕಿಪ್ಪುರ್ (ಯಹೂದಿಗಳ ಉಪವಾಸ, ಪ್ರಾಯಶ್ಚಿತ್ತದ ದಿನ) ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುತ್ತದೆ, ಪರೀಕ್ಷೆಯ ಹೊತ್ತಿಗೇ. ಮಹಾರಾಷ್ಟ್ರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿದೆ. ಆದರೆ ರಜೆ ತಾನಾಗಿ ಬರುವುದಿಲ್ಲ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಹಬ್ಬದ ದಿನಾಂಕಗಳ ಪಟ್ಟಿ ಹಚ್ಚಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ ಎಂದೆವು.