ದೇವರನ್ನೇ 'ಯಾಕೆ?' ಎಂದು ಕೇಳುವುದು ಪಾಪವಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪನಿಗೆ ಎರಡು ವರ್ಷ ಡಯಾಲಿಸಿಸ್ ಮಾಡಿಸಿದಿರಿ. ನಿಮ್ಮ ಚರ್ಚಿನ ಇಡೀ ಸಭೆ ಪ್ರಾರ್ಥನೆ ಮಾಡಿತು. ಆದರೂ ಅಪ್ಪ ಉಳಿಯಲಿಲ್ಲ. ಈಗ ಪ್ರಾರ್ಥನೆಗೆ ಕೂತರೆ 'ಯಾಕೆ?' ಎಂಬುದೊಂದೇ ಬಾಯಿಗೆ ಬರುತ್ತದೆ ಎಂದಿದ್ದೀರಿ. ಅದನ್ನು ಸಭೆಯ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡರೆ ಅವರು ಬೈಬಲಿನ ಯಾಕೋಬನ ಪತ್ರಿಕೆ 1:6 ತೆರೆದು, ಸಂಶಯಪಡುವವನು ಸಮುದ್ರದ ಅಲೆಯ ಹಾಗೆ, ಅವನಿಗೆ ದೇವರಿಂದ ಏನೂ ಸಿಗುವುದಿಲ್ಲ ಎಂದರು. ದೇವರನ್ನು ಪ್ರಶ್ನೆ ಮಾಡುವುದು ಪಾಪವಾ, ನಾನು ಇನ್ನೂ ಕ್ರೈಸ್ತಳೇನಾ ಎಂದು ಕೇಳಿದ್ದೀರಿ.

ಪಾಪ ಅಲ್ಲ. ನೀವು ಕ್ರೈಸ್ತಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದೇ ಪ್ರಶ್ನೆ ಹೊತ್ತುಕೊಂಡು ನಾನೂ ತುಂಬ ದಿನ ಓಡಾಡಿದ್ದೇನೆ.

ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಮೈಸೂರಿನ ಹತ್ತಿರದ ಒಂದು ಊರಿನಲ್ಲಿ ಶಾಲೆ ಟೀಚರ್. ಹುಟ್ಟಿದ್ದು ಬೆಳೆದದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ನನ್ನ ತಮ್ಮನಿಗೆ 29ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂತು. 14 ತಿಂಗಳು ಆಸ್ಪತ್ರೆಗೂ ಮನೆಗೂ ಅಲೆದೆವು. ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಹಾಲ್‌ನಲ್ಲಿ ಚಾಪೆ ಹಾಸಿ ಇಪ್ಪತ್ತು ಮೂವತ್ತು ಜನ ಕೂರುತ್ತಿದ್ದರು. ಅವರ ಪ್ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಆದರೆ ಒಂದು ದಿನ ಅವರಲ್ಲೊಬ್ಬರು, "ಈ ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು, ಅದಕ್ಕೇ ಕಾರ್ಯ ಆಗ್ತಿಲ್ಲ" ಎಂದುಬಿಟ್ಟರು. ಅಮ್ಮ ಆಗ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅವತ್ತಿನಿಂದ ಅವಳು ಬಾಯಿಬಿಟ್ಟು ಪ್ರಾರ್ಥನೆ ಮಾಡುವುದನ್ನೇ ನಿಲ್ಲಿಸಿದಳು. ಮಗನ ಕಾಯಿಲೆಗೆ ತನ್ನ ನಂಬಿಕೆಯ ಕೊರತೆಯೇ ಕಾರಣ ಎಂದು ಆ ತಾಯಿ ಅಂದುಕೊಂಡಳು.

ತಮ್ಮ ಆಗಸ್ಟ್‌ನಲ್ಲಿ ಹೋದ.

ಆಮೇಲೆ ನಾನೂ ಸುಮ್ಮನಾದೆ. ಭಾನುವಾರ ಆರಾಧನೆಗೆ ಹೋಗುತ್ತಿದ್ದೆ, ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದೆ, ಕೂರುತ್ತಿದ್ದೆ. ಹಾಡು ಬಾಯಿಗೆ ಬರುತ್ತಿರಲಿಲ್ಲ. ಒಳಗೆ ಕುದಿಯುತ್ತಿದ್ದುದನ್ನು ದೇವರ ಮುಂದೆ ಹೇಳಿದರೆ ಅದೂ ಅಪನಂಬಿಕೆಯ ಲೆಕ್ಕಕ್ಕೆ ಸೇರುತ್ತದೆ ಎಂಬ ಭಯ.

ಮನೆಯಲ್ಲಿ ಒಬ್ಬರಿಗೆ ಮಾತ್ರ ಆ ಭಯ ಇರಲಿಲ್ಲ. ನಮ್ಮಜ್ಜಿ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಬೆಳಿಗ್ಗೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತು ದೇವರ ಜೊತೆ ಜಗಳ ಆಡುತ್ತಿದ್ದಳು, ಎದುರಿಗೇ ಕೂತಿದ್ದಾನೆ ಎನ್ನುವ ಹಾಗೆ. "ಏನ್ ಸ್ವಾಮಿ, ಎಂಬತ್ತು ದಾಟಿದ ನಾನು ಇಲ್ಲಿ ಕೂತಿವ್ನಿ, ಆ ಎಳೇ ಮಗೀನ ಕರಕೊಂಡ್ಯಲ್ಲ? ನಿಂಗೆ ನಾನು ಕಾಣ್ನಿಲ್ವಾ?" ಹೀಗೆ ಬೈದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ಕಲ್ಲು ಆರಿಸುತ್ತಿದ್ದಳು. ಭಾನುವಾರ ಎಲ್ಲರಿಗಿಂತ ಮೊದಲು ಸೀರೆ ಉಟ್ಟು ರೆಡಿ. ನನಗೆ ಆಗ ನಾಚಿಕೆಯಾಗುತ್ತಿತ್ತು. ಅಜ್ಜಿಗೆ ಪಾಪ, ಪ್ರಾರ್ಥನೆ ಹೇಗೆ ಮಾಡಬೇಕು ಎಂದು ಗೊತ್ತಿಲ್ಲ ಅಂದುಕೊಳ್ಳುತ್ತಿದ್ದೆ.

ಮುಂದಿನ ವರ್ಷದ ಶುಭ ಶುಕ್ರವಾರ ಬಂತು. ನಮ್ಮಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ಇರುತ್ತದಲ್ಲ, ಒಂದೊಂದು ಮಾತಿನ ಮೇಲೆ ಒಬ್ಬೊಬ್ಬರು ಸಂದೇಶ ಕೊಡುತ್ತಾರೆ. ನಾಲ್ಕನೆಯ ಮಾತು ನಿಮಗೂ ಗೊತ್ತು: "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಚಿಕ್ಕಂದಿನಿಂದ ಪ್ರತಿ ವರ್ಷ ಕೇಳಿದ ಮಾತು. ಆ ದಿನ ಅದರಲ್ಲಿನ 'ಯಾಕೆ' ಬಂದು ಎದೆಗೆ ಬಡಿಯಿತು. ಯೇಸು ಕೂಡ 'ಯಾಕೆ' ಎಂದು ಕೇಳಿದ್ದಾನೆ! ಅದೂ ಮನಸ್ಸಿನೊಳಗಲ್ಲ, ಗಟ್ಟಿಯಾಗಿ ಕೂಗಿ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ. ಅದು ಅವನು ಹೊಸದಾಗಿ ಕಟ್ಟಿದ ಮಾತೂ ಅಲ್ಲ, ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿರುವ 22ನೇ ಕೀರ್ತನೆಯ ಮೊದಲ ಸಾಲು. ತನ್ನ ಜನ ತಲೆತಲಾಂತರದಿಂದ ದೇವರ ಮುಂದೆ ಅಳುವಾಗ ಹೇಳುತ್ತಿದ್ದ ಮಾತನ್ನೇ ಅವನೂ ಹೇಳಿದ. ಆಕಾಶದಿಂದ ಆ ಪ್ರಶ್ನೆಗೆ ಉತ್ತರ ಬಂತು ಎಂದು ಯಾವ ಸುವಾರ್ತೆಯೂ ಬರೆದಿಲ್ಲ. ದೇವರ ಮಗನೇ ಕೇಳಬಹುದಾದದ್ದನ್ನು ನಾನು ಕೇಳಿದರೆ ಅದು ಪಾಪ ಹೇಗಾಗುತ್ತದೆ?

ಮನೆಗೆ ಬಂದು ಬೈಬಲ್ ತೆರೆದೆ. ಆಮೇಲಿನ ತಿಂಗಳುಗಳಲ್ಲಿ ಇದನ್ನೇ ಹುಡುಕಿ ಹುಡುಕಿ ಓದಿದೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ದೂರು, ಗೋಳು, ಅಳಲು. ನಾವು ಆರಾಧನೆಯಲ್ಲಿ ಜಾಸ್ತಿ ಓದುವುದು 23, 91, 121. ಉಳಿದವು ಹಾಗೇ ಇವೆ. 44ನೆಯದರಲ್ಲಿ ಜನ ದೇವರಿಗೆ "ಏಳು, ಯಾಕೆ ನಿದ್ದೆ ಮಾಡುತ್ತಿದ್ದೀ" ಎನ್ನುತ್ತಾರೆ. 88ನೆಯದಂತೂ ಕತ್ತಲೆ ಎಂಬ ಮಾತಿಗೇ ಮುಗಿದುಹೋಗುತ್ತದೆ, ಕೊನೆಯಲ್ಲಿ 'ಆದರೂ ಸ್ತೋತ್ರ' ಎನ್ನುವ ಒಂದು ಸಾಲೂ ಇಲ್ಲ. ಅದನ್ನು ಯಾರೂ ಕಿತ್ತುಹಾಕಲಿಲ್ಲ, ನೋಡಿ. ಪವಿತ್ರ ಗ್ರಂಥದ ಒಳಗೇ ಇಟ್ಟುಕೊಂಡರು. ದೇವಾಲಯದಲ್ಲಿ ಹಾಡಲಿಕ್ಕೆಂದೇ ಇಟ್ಟುಕೊಂಡರು.

ಆದರೆ ನಿಮ್ಮ ಹಿರಿಯರ ಭಯದಲ್ಲಿ ಏನೂ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರು ಅರಣ್ಯದಲ್ಲಿ ಗೊಣಗಿದಾಗ ದೇವರು ಕೋಪಗೊಂಡದ್ದೂ ಬೈಬಲಿನಲ್ಲೇ ಇದೆ. ಇದು ನನ್ನನ್ನು ಬಹಳ ದಿನ ಕಾಡಿತು. ಕೀರ್ತನೆಗಾರ ಅತ್ತರೆ ಸರಿ, ಆ ಜನ ಅತ್ತರೆ ಯಾಕೆ ತಪ್ಪು?

ಬೈಬಲಿನ ಅರಣ್ಯಕಾಂಡದ 11ನೇ ಅಧ್ಯಾಯ ನಿಧಾನವಾಗಿ ಓದಿ. ಒಂದೇ ಅಧ್ಯಾಯದಲ್ಲಿ ಎರಡು ದೂರು ಇವೆ. ಜನ ತಮ್ಮ ತಮ್ಮ ಡೇರೆಗಳ ಬಾಗಿಲಲ್ಲಿ ಕೂತು ಅಳುತ್ತಾರೆ: ಐಗುಪ್ತದಲ್ಲಿ ಮೀನಿತ್ತು, ಸೌತೆಕಾಯಿ ಇತ್ತು, ಈರುಳ್ಳಿ ಬೆಳ್ಳುಳ್ಳಿ ಇತ್ತು, ಇಲ್ಲಿ ದೇವರು ದಿನಾ ಕೊಡುವ ಈ ಮನ್ನ ಎಂಬ ಆಹಾರ ಬಿಟ್ಟರೆ ಬೇರೆ ಏನಿದೆ ಎಂದು. ಆ ಅಳು ಕೇಳಿ ಅವರ ನಾಯಕ ಮೋಶೆ ನೇರ ದೇವರ ಹತ್ತಿರ ಹೋಗುತ್ತಾನೆ. ಹೋಗಿ ಆಡುವ ಮಾತು ಜನರ ಮಾತಿಗಿಂತ ಖಾರ. ಇವರನ್ನೆಲ್ಲ ನಾನೇನು ಹೆತ್ತೆನಾ? ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೋ ಎನ್ನುತ್ತೀಯಲ್ಲ, ನನ್ನ ಕೈಯಲ್ಲಿ ಆಗುವುದಿಲ್ಲ. ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು. ದೇವರು ಮೋಶೆಗೆ ಬೈದನಾ? ಇಲ್ಲ. ಭಾರ ಹಂಚಿಕೊಳ್ಳಲು 70 ಮಂದಿ ಹಿರಿಯರನ್ನು ಜೊತೆಗೆ ಕೊಟ್ಟ.

ಆ ಜನ ಇನ್ನೊಂದು ಸಲ ಏನು ಗೊಣಗಿದರು ಎಂಬುದನ್ನು ಧರ್ಮೋಪದೇಶಕಾಂಡ 1:27 ಹೇಳುತ್ತದೆ. ದೇವರು ನಮ್ಮನ್ನು ದ್ವೇಷಿಸಿಯೇ ಇಲ್ಲಿಗೆ ಕರೆತಂದ ಎಂದು ತಮ್ಮ ಡೇರೆಗಳಲ್ಲಿ ಕೂತು ಹೇಳಿಕೊಂಡರಂತೆ. ಡೇರೆಯೊಳಗೆ, ತಮ್ಮತಮ್ಮಲ್ಲೇ. ದೇವರ ಬಗ್ಗೆ ಮಾತಾಡಿಕೊಂಡರು, ದೇವರ ಹತ್ತಿರ ಮಾತಾಡಲಿಲ್ಲ. ಮೋಶೆ ಅದಕ್ಕಿಂತ ಕಹಿಯಾದುದನ್ನು ದೇವರ ಮುಖಕ್ಕೇ ಹೇಳಿದ. ನನಗೆ ಕಂಡ ವ್ಯತ್ಯಾಸ ಇಷ್ಟೇ. ಮಾತು ಎಷ್ಟು ಕಹಿ ಎನ್ನುವುದಕ್ಕಿಂತ ಅದನ್ನು ಎಲ್ಲಿಗೆ ತೆಗೆದುಕೊಂಡು ಹೋಗುತ್ತೀರಿ ಎನ್ನುವುದು ಮುಖ್ಯ. ನಾನು ಒಂದೂ ಕೆಟ್ಟ ಮಾತಾಡದೆ ಆರಾಧನೆಯಲ್ಲಿ ತುಟಿ ಬಿಗಿದು ಕೂತಿದ್ದೆನಲ್ಲ, ಡೇರೆಯೊಳಗೆ ಇದ್ದವಳು ನಾನು. ಮೊರ ಹಿಡಿದು ಬೈಯುತ್ತಿದ್ದ ಅಜ್ಜಿ ಮೋಶೆಯ ಪಕ್ಕದಲ್ಲಿದ್ದಳು.

ಕನ್ನಡದವರಾದ ನಮಗೆ ಇದು ಇನ್ನೂ ಸುಲಭವಾಗಿ ಅರ್ಥವಾಗಬೇಕು. ನಿಂದಾಸ್ತುತಿ ಎನ್ನುವ ಮಾತೇ ನಮ್ಮಲ್ಲಿದೆ. ದಾಸರು ದೇವರನ್ನು ಬೈದು ಹಾಡಿದ್ದನ್ನು ಯಾರೂ ಭಕ್ತಿ ಅಲ್ಲ ಎನ್ನುವುದಿಲ್ಲ. ನಮ್ಮ ಸಭೆಯ ಹಳೆಯ ಬೈಬಲಿನಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ 'ನಮ್ಮ ತಂದೆಯೇ, ನಿನ್ನ ನಾಮವು' ಎಂದೇ ಇದೆ. 'ನಿಮ್ಮ' ಅಲ್ಲ. ನಮ್ಮ ಮನೆಯಲ್ಲಿ ಅಪ್ಪನಿಗೆ 'ನೀವು', ಅಮ್ಮನಿಗೆ 'ನೀನು'. ಹಟ ಮಾಡಿದ್ದು, ಕೋಪ ಮಾಡಿಕೊಂಡದ್ದು ಎಲ್ಲ ಅಮ್ಮನ ಹತ್ತಿರವೇ. ದೇವರನ್ನು 'ನೀನು' ಎಂದು ಕರೆಯಲು ಕಲಿಸಿಕೊಟ್ಟು, ಆಮೇಲೆ ಸಾಹೇಬರ ಮುಂದೆ ಅರ್ಜಿ ಹಿಡಿದು ನಿಂತ ಹಾಗೆ ನಿಲ್ಲು ಎಂದರೆ ಹೇಗೆ?

ಇನ್ನು ಆ ಯಾಕೋಬ 1:6. ಅದರ ಹಿಂದಿನ ವಚನವನ್ನೂ ಓದಲು ನಿಮ್ಮ ಹಿರಿಯರಿಗೆ ಹೇಳಿ. ನಿಮ್ಮಲ್ಲಿ ಯಾರಿಗಾದರೂ ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುವವನು ಎಂದಿದೆ. ಹಂಗಿಸದೆ! 'ಇಷ್ಟೂ ಗೊತ್ತಿಲ್ವಾ, ಇದನ್ನೂ ಕೇಳ್ತೀಯಾ' ಎನ್ನದೆ. ಅದು ಬಾಯಿ ಮುಚ್ಚಿಸುವ ವಚನ ಅಲ್ಲ, ಕೇಳು ಎಂದು ಹೇಳುವ ಮಾತಿನ ಮುಂದುವರಿಕೆ. 8ನೇ ವಚನದಲ್ಲಿ ಬರುವುದು ಎರಡು ಮನಸ್ಸಿನವನ ವಿಷಯ, ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟವನು. ನೀವು ಅಳುತ್ತಲೂ ಪ್ರಾರ್ಥನೆಗೇ ಬಂದು ಕೂರುತ್ತಿದ್ದೀರಿ. ಬೇರೆ ಬಾಗಿಲಿಗೆ ಹೋಗಿಲ್ಲ.

ಕೆಲವರು ನಿಮಗೆ ಜಕರೀಯನನ್ನೂ ತೋರಿಸಬಹುದು. ಮುದಿವಯಸ್ಸಿನಲ್ಲಿ ನಿನಗೆ ಮಗ ಹುಟ್ಟುತ್ತಾನೆ ಎಂದ ದೇವದೂತನನ್ನು ಪ್ರಶ್ನೆ ಮಾಡಿದ್ದಕ್ಕೆ ಅವನ ಬಾಯಿ ಕಟ್ಟಿತು, ನಿಜ. ಆದರೆ ಲೂಕನ ಸುವಾರ್ತೆಯ ಅದೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳೂ "ಇದು ಹೇಗಾದೀತು?" ಎಂದು ಕೇಳಿದಳು, ಅವಳಿಗೆ ಸಮಾಧಾನವಾಗಿ ಉತ್ತರ ಸಿಕ್ಕಿತು. ಜಕರೀಯನಿಗೂ ಕೊಟ್ಟ ಮಾತು ತಪ್ಪಲಿಲ್ಲ, ಮಗು ಹುಟ್ಟಿತು.

ಯೇಸುವಿನ ಶಿಷ್ಯ ತೋಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನಿಗೆ ಎಲ್ಲರೂ ಸಂದೇಹದ ತೋಮ ಎಂದು ಹೆಸರಿಟ್ಟಿದ್ದಾರೆ. ಸತ್ತ ಯೇಸು ಎದ್ದು ಬಂದಿದ್ದಾನೆ ಎಂದು ಉಳಿದವರು ಹೇಳಿದಾಗ, ಗಾಯ ಮುಟ್ಟಿ ನೋಡಿದರೇ ನಂಬುವುದು ಎಂದ. ಎಂಟು ದಿನ ಕಳೆದು ಯೇಸು ಬಂದಾಗ ತೋಮನೂ ಉಳಿದವರ ಜೊತೆ ಅದೇ ಕೋಣೆಯಲ್ಲಿದ್ದ. ನನಗೆ ತುಂಬ ಇಷ್ಟವಾಗುವುದು ಇದೇ. ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಿರಲಿಲ್ಲ, ಅವನೂ ಬಿಟ್ಟು ಹೋಗಿರಲಿಲ್ಲ. ಯೇಸು ಬಂದವನೇ ತೋಮ ಆಡಿದ್ದ ಮಾತನ್ನೇ ತಿರುಗಿ ಹೇಳಿ, ಕೈ ಚಾಚು, ಮುಟ್ಟಿ ನೋಡು ಎಂದ. ನೋಡದೆ ನಂಬುವವರು ಧನ್ಯರು ಎಂದೂ ಹೇಳಿದ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಅದಕ್ಕೆ ಮೊದಲು ಗಾಯ ತೋರಿಸಿದ. "ನನ್ನ ಸ್ವಾಮಿ, ನನ್ನ ದೇವರು" ಎಂಬ ಮಾತು ಬಂದದ್ದು ತೋಮನ ಬಾಯಿಂದಲೇ. ಆ ತೋಮನೇ ಕ್ರಿ.ಶ. 52ರಲ್ಲಿ ನಮ್ಮ ದೇಶಕ್ಕೆ ಸುವಾರ್ತೆ ತಂದ ಎಂದು ಕೇರಳದ ಕ್ರೈಸ್ತರು ನಂಬುತ್ತಾರೆ. ಚೆನ್ನೈನಲ್ಲಿ ಅವನ ಹೆಸರಿನ ಬೆಟ್ಟವೇ ಇದೆ.

ನಮ್ಮ ಕಾಲದವರನ್ನೇ ಕೇಳುವಿರಾದರೆ ಮದರ್ ತೆರೇಸಾ. ಅವರು 1997ರಲ್ಲಿ ತೀರಿಕೊಂಡರು. ಅವರು ತಮ್ಮ ಗುರುಗಳಿಗೆ ಬರೆದ ಖಾಸಗಿ ಪತ್ರಗಳು 2007ರಲ್ಲಿ ಹೊರಬಂದಾಗ ಜಗತ್ತಿಗೆ ಆಶ್ಚರ್ಯವಾಯಿತು. ದಶಕಗಳ ಕಾಲ ಅವರಿಗೆ ದೇವರು ಹತ್ತಿರವಿದ್ದಾನೆ ಎಂದು ಅನ್ನಿಸಿಯೇ ಇರಲಿಲ್ಲ, ಒಳಗೆಲ್ಲ ಬರೀ ಕತ್ತಲು. ಅದನ್ನು ಓದಿದ ಮೇಲೂ 2016ರಲ್ಲಿ ಕಥೋಲಿಕ ಸಭೆ ಅವರನ್ನು ಸಂತಳೆಂದು ಘೋಷಿಸಿತು.

ಈಗ ಕಷ್ಟದ ಮಾತು. ಕೇಳಿದರೆ ಉತ್ತರ ಸಿಗುತ್ತದೆ ಎಂದು ನಾನು ನಿಮಗೆ ಮಾತು ಕೊಡಲಾರೆ. ಬೈಬಲಿನ ಯೋಬ ಮಕ್ಕಳನ್ನೆಲ್ಲ ಕಳೆದುಕೊಂಡು ಅಷ್ಟೆಲ್ಲ ಕೇಳಿದ. 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡಿದ, ಆದರೆ ಯೋಬನ ಮಕ್ಕಳು ಯಾಕೆ ಸತ್ತರು ಎಂಬುದನ್ನು ಕೊನೆಯವರೆಗೂ ಹೇಳಲಿಲ್ಲ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂದು ತಿರುಗಿ ಕೇಳಿದ. ಮೊದಮೊದಲು ಇದನ್ನು ಓದಿ ನನಗೆ ಸಿಟ್ಟೇ ಬಂದಿತ್ತು. ಕೊನೆಯ ಅಧ್ಯಾಯದ 7ನೇ ವಚನಕ್ಕೆ ಬಂದಾಗ ಮಾತ್ರ ಅತ್ತುಬಿಟ್ಟೆ. ದೇವರ ಪರವಾಗಿ ಯೋಬನ ಜೊತೆ ವಾದ ಮಾಡಿದ ಅವನ ಗೆಳೆಯರಿಗೆ ದೇವರು ಹೇಳುತ್ತಾನೆ: ನನ್ನ ಸೇವಕ ಯೋಬನು ಆಡಿದ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ. ನಮ್ಮಮ್ಮನಿಗೆ ಆ ವಚನ ಓದಿ ಹೇಳಿದೆ. ಅವಳು ಇನ್ನೊಂದು ಸಲ ಓದು ಎಂದಳು. ಮತ್ತೆ ಓದಿದೆ. ಅವತ್ತು ರಾತ್ರಿ ಊಟಕ್ಕೆ ಮೊದಲು ಅಮ್ಮ ತಾನೇ ಪ್ರಾರ್ಥನೆ ಮಾಡಿದಳು, ಎಷ್ಟೋ ತಿಂಗಳ ಮೇಲೆ.

ತಮ್ಮ ಯಾಕೆ ಹೋದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಈಗಲೂ ಕೇಳುತ್ತೇನೆ. ಮೊದಲು ಗೋಡೆಗೆ ಹೇಳಿದ ಹಾಗಿರುತ್ತಿತ್ತು, ಈಗ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಅಷ್ಟೇ ಬದಲಾಗಿರುವುದು, ಆದರೆ ನನಗೆ ಅದು ಸಣ್ಣದಲ್ಲ.

ನಿಮ್ಮ ಸಭೆಯಲ್ಲಿ ಬುದ್ಧಿ ಹೇಳದೆ ಸುಮ್ನೆ ಕೇಳಿಸಿಕೊಳ್ಳುವ ಒಬ್ಬರನ್ನು ಹುಡುಕಿಕೊಳ್ಳಿ. ಒಬ್ಬರು ಸಾಕು. ನನಗೆ ನಮ್ಮ ಪಾಸ್ಟರ್ ಅಯ್ಯನವರ ಹೆಂಡತಿ ಸಿಕ್ಕಿದ್ದರು, ಅವರು ನನ್ನ ಜೊತೆ ಕೂತು ಅತ್ತರು ಅಷ್ಟೇ. ನಿದ್ದೆ ಊಟ ತಿಂಗಳುಗಟ್ಟಲೆ ಸರಿಯಿಲ್ಲ ಎಂದಾದರೆ ಡಾಕ್ಟರ್ ಹತ್ತಿರವೂ ಹೋಗಿ. ಅದನ್ನು ನಂಬಿಕೆಯ ಕೊರತೆ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇವತ್ತು ರಾತ್ರಿ ಒಬ್ಬರೇ ಇರುವಾಗ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆರೇ ವಚನ. ಮೊದಲ ಎರಡರಲ್ಲೇ 'ಎಷ್ಟರವರೆಗೆ' ಎಂದು ನಾಲ್ಕು ಸಲ ಕೇಳುತ್ತಾನೆ. ನಡುವೆ ನಿಲ್ಲಿಸಿ ಅಪ್ಪನ ಹೆಸರು ಹೇಳಿ. ಕಡೆಯ ಎರಡು ವಚನಗಳಲ್ಲಿ ಭರವಸೆ, ಹಾಡು ಬರುತ್ತದೆ. ಅದು ಬಾಯಿಗೆ ಬರದಿದ್ದರೆ ಬಲವಂತ ಮಾಡಿಕೊಳ್ಳಬೇಡಿ, ನಾಲ್ಕನೆಯದಕ್ಕೇ ನಿಲ್ಲಿಸಿ, ಆಮೆನ್ ಹೇಳಿ ಮಲಗಿ. ನಾನು ಆರೇಳು ತಿಂಗಳು ನಾಲ್ಕಕ್ಕೇ ನಿಲ್ಲಿಸುತ್ತಿದ್ದೆ.