ಮನೆಯಲ್ಲಿ ಗಿಟಾರ್ ನುಡಿಸೋಕೆ 40 ವಾಟ್ ವಾಲ್ವ್ ಆಂಪ್ ಬೇಕಾ?

ಸೋಮವಾರಪೇಟೆ ಕಡೆಯಿಂದ ಕೇಳಿದ್ದೀರಿ: 40 ವಾಟ್‌ನ ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಗಿಟಾರ್ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಹಂಚಿನ ಮನೆ, ಸಣ್ಣ ಮಗು ಇದೆ, ನುಡಿಸೋದು ರಾತ್ರಿ ಊಟ ಆದ ಮೇಲೆ, ತಗೊಳ್ಳಲಾ ಅಂತ. ನಾನಾದರೆ ತಗೊಳ್ಳುವುದಿಲ್ಲ. ಸದ್ದು ಅರ್ಧ ಕಾರಣ, ನಮ್ಮೂರಿನ ಕರೆಂಟು ಇನ್ನರ್ಧ.

ನಿಮ್ಮ ಪ್ರಶ್ನೆಗೆ ಇಲ್ಲಿ ಉತ್ತರಿಸಿದ ಇಬ್ಬರು 5 ವಾಟ್ ಸಾಕು ಅಂದಿದ್ದಾರೆ. ಅದೂ ಪೂರ್ತಿ ಸರಿಯಲ್ಲ. ವಾಟ್ ಅರ್ಧ ಆದರೆ ಇಳಿಯೋದು ಬರೀ 3 ಡೆಸಿಬೆಲ್. 40ರಿಂದ 5ಕ್ಕೆ ಬಂದರೆ 9 ಡೆಸಿಬೆಲ್, ಅಂದರೆ ಕಿವಿಗೆ ಹೆಚ್ಚುಕಮ್ಮಿ ಅರ್ಧ ಸದ್ದು. ಒಳ್ಳೆ 12 ಇಂಚಿನ ಗಿಟಾರ್ ಸ್ಪೀಕರ್‌ಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಬರುತ್ತದೆ. ಹಳೇ ಹಂಚಿನ ಮನೆಗಳಲ್ಲಿ ನಡುಗೋಡೆ ಮಾಡಿನ ತನಕ ಹೋಗಿರೋಲ್ಲ ಅಲ್ವಾ, ಸದ್ದು ಗೋಡೆ ಮೇಲಿಂದ ಹಾರಿ ತೊಟ್ಟಿಲಿಗೇ ಇಳಿಯುತ್ತದೆ. ಹಂಚಿನ ಮೇಲೆ ಜಡಿಮಳೆ ಹೊಡೆಯುವಾಗ ಮಾತ್ರ ಯಾರಿಗೂ ಗೊತ್ತಾಗಲ್ಲ.

ಹಾಗಾಗಿ ಸ್ಪೀಕರ್ ಓಡಿಸುವ ಪವರ್ ವಾಲ್ವ್‌ಗಳನ್ನು ದುಡಿಸಿ ಅವುಗಳ ಒಡಕು ಸ್ವರ (ಡಿಸ್ಟಾರ್ಷನ್) ತೆಗೆಯುವ ಆಸೆಯನ್ನು ಮನೆಯೊಳಗೆ ಬಿಡಿ. ಮಾಸ್ಟರ್ ವಾಲ್ಯೂಮ್ (ಒಟ್ಟು ಸದ್ದು ಇಳಿಸುವ ನಾಬ್) ಇರೋದು, ಎಫೆಕ್ಟ್ಸ್ ಲೂಪ್ (ಪವರ್ ವಾಲ್ವ್‌ಗಳಿಗೆ ಮೊದಲು ಬೇರೆ ಡಬ್ಬಿ ಸೇರಿಸುವ ಜ್ಯಾಕ್‌ಗಳು) ಇರೋದು ನೋಡಿ. ಆಗ ಒಡಕು ಪವರ್ ವಾಲ್ವ್‌ಗಿಂತ ಮೊದಲು ಬರುವ ಸಣ್ಣ 12ಎಎಕ್ಸ್7 ವಾಲ್ವ್‌ಗಳಲ್ಲೇ ಬರುತ್ತದೆ. ನನ್ನದು 15 ವಾಟ್, ಎರಡು ಇಎಲ್84 ಪವರ್ ವಾಲ್ವ್. ಅದರ ಮಾಸ್ಟರ್ ನಾಬ್ ದೊಡ್ಡ ಕಾಟ. ಕೂದಲೆಳೆಯಷ್ಟು ತಿರುಗಿಸಿದರೆ ಪಿಸುಮಾತಿನಿಂದ ಕೂಗಾಟಕ್ಕೆ ಹಾರುತ್ತಿತ್ತು. ಎಫೆಕ್ಟ್ಸ್ ಲೂಪಿನಲ್ಲಿ ಒಂದು ವಾಲ್ಯೂಮ್ ಡಬ್ಬಿ ಹಾಕಿದೆ. ಈಗ ಮಾಸ್ಟರ್ ಅರ್ಧದವರೆಗೆ ಇಟ್ಟು, ಸದ್ದನ್ನು ಡಬ್ಬಿಯಲ್ಲಿ ಇಳಿಸುತ್ತೇನೆ. ಒಳಗೆ ಒಂದು ಪೊಟೆನ್ಷಿಯೋಮೀಟರ್, ಎರಡು ಜ್ಯಾಕ್, ಅಷ್ಟೇ. ಸೋಲ್ಡರಿಂಗ್ ಬಂದರೆ ಮನೆಯಲ್ಲೇ ಮಾಡಬಹುದು.

ಅಟೆನ್ಯುವೇಟರ್ ಬಗ್ಗೆಯೂ ಕೇಳಿದ್ದೀರಿ. ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಪವರನ್ನು ಶಾಖ ಮಾಡಿ ಕಳೆಯುವ ಪೆಟ್ಟಿಗೆ ಅದು. ಕೆಲಸ ಮಾಡುತ್ತದೆ. ಅದರ ಓಮ್ ಆಂಪಿಗೂ ಸ್ಪೀಕರಿಗೂ ಹೊಂದಬೇಕು, ಆಂಪಿನ ವಾಟ್‌ಗಿಂತ ಜಾಸ್ತಿ ತಡೆಯುವಂಥದ್ದು ಬೇಕು, ಪವರ್ ವಾಲ್ವ್ ಮಾತ್ರ ಜೋರಾಗಿ ನುಡಿಸಿದಷ್ಟೇ ಬೇಗ ಸವೆಯುತ್ತದೆ. ಇನ್ನೊಂದು ವಿಷಯ, ಟೋನ್ ನಾಬ್‌ಗಳನ್ನು ನೀವು ನುಡಿಸುವ ಸದ್ದಿನಲ್ಲೇ ಹೊಂದಿಸಿ. ಸದ್ದು ಇಳಿದಾಗ ಕಿವಿಗೆ ಬೇಸ್ ಮೊದಲು ಮಾಯ ಆಗುತ್ತದೆ. ಹಾಗಂತ ಬೇಸ್ ಏರಿಸಿ ಆಂಪನ್ನು ಅಟ್ಟದ ಹಲಗೆ ಮೇಲೆ ಇಡಬೇಡಿ, ಕೆಳಗಿನ ಕೋಣೆಯಲ್ಲಿ ಗುಂಯ್ ಅನ್ನುತ್ತದೆ. ಕುರ್ಚಿ ಮೇಲಿಟ್ಟು ಕಿವಿಯ ಕಡೆ ತಿರುಗಿಸಿ. ಕಡಿಮೆ ಸದ್ದೇ ಸಾಕಾಗುತ್ತದೆ.

ಈಗ ಕರೆಂಟು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸೋಕೆ ಎಲ್ಲರೂ ಸ್ಪ್ರಿಂಕ್ಲರ್ ಮೋಟಾರ್ ಹಾಕುತ್ತಾರೆ. ನಮ್ಮ ಮನೆಯಲ್ಲಿ ಮೀಟರ್ ಹಿಡಿದು ನೋಡಿದರೆ ಸಂಜೆ 180 ವೋಲ್ಟ್, ಮೋಟಾರೆಲ್ಲ ನಿಂತ ಮೇಲೆ ನಡುರಾತ್ರಿ 255. ವಾಲ್ವ್‌ನ ಹೀಟರ್‌ಗೆ (ಒಳಗೆ ಬಿಸಿ ಆಗುವ ತಂತಿ) ಬೇಕಾದ್ದು 6.3 ವೋಲ್ಟ್, ಶೇಕಡಾ 10ರಷ್ಟು ಆಚೀಚೆ ಆದರೆ ಪರವಾಗಿಲ್ಲ. 180ರಲ್ಲಿ ಅದಕ್ಕೆ ಸಿಗೋದು 5ಕ್ಕಿಂತ ಕಡಿಮೆ. ಸ್ವರ ಸೊರಗುತ್ತದೆ. 255ರಲ್ಲಿ 7 ಮುಟ್ಟುತ್ತದೆ, ವಾಲ್ವ್ ಆಯುಸ್ಸು ಇಳಿಯುತ್ತದೆ. 500 ವಿಎ ಸ್ಟೆಬಿಲೈಜರ್ ಒಂದು ತಗೊಳ್ಳಿ, 15 ವಾಟ್ ಆಂಪಿಗೆ ಧಾರಾಳ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಸಿಕ್ಕಿಸಬೇಡಿ, ಜೊಯ್ ಅನ್ನುತ್ತಲೇ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿ ಆಗುತ್ತದೆ. ಗುಡುಗು ಶುರುವಾದರೆ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು.

ಜೂನ್ ಬಂತೆಂದರೆ ಬೂಷ್ಟು. ಮೊದಲ ವರ್ಷ ಆಂಪಿಗೆ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೆ. ತೆಗೆದಾಗ ಮೈಯೆಲ್ಲಾ ಅಕ್ಕಿಹಿಟ್ಟು ಚಿಮುಕಿಸಿದ ಹಾಗಿತ್ತು. ಈಗ ಹತ್ತಿಬಟ್ಟೆ ಹೊದಿಸುತ್ತೇನೆ, ವಾರಕ್ಕೆರಡು ಸಲ ಒಂದು ಗಂಟೆ ಹಚ್ಚುತ್ತೇನೆ. ವಾಲ್ವಿನ ಬಿಸಿಯೇ ಒಳಗಿನ ತೇವ ಓಡಿಸುತ್ತದೆ. ಆ ಬೆಚ್ಚಗಿನ ಜಾಗಕ್ಕೆ ಹಲ್ಲಿಯೂ ಬರುತ್ತದೆ ಅನ್ನೋದು ಆಮೇಲೆ ಗೊತ್ತಾಯ್ತು. ಒಂದು ಬೆಳಿಗ್ಗೆ ಆನ್ ಮಾಡಿದೆ, ಟಪ್ ಅಂತ ಫ್ಯೂಸ್ ಹೋಯ್ತು. ರಿಪೇರಿಯವರು ಬಿಚ್ಚಿದರೆ ವಾಲ್ವ್ ಸಾಕೆಟ್ ಮೇಲೆ ಸುಟ್ಟ ಹಲ್ಲಿ. ಹಿಂಬದಿಗೆ ಸೊಳ್ಳೆ ಜಾಲರಿ ಹಾಕಿದ್ದೇನೆ, ಗಾಳಿ ಆಡುತ್ತದೆ. ನೀವಾಗಿ ಬಿಚ್ಚಬೇಡಿ. ಒಳಗೆ 300, 400 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ.

ಇಷ್ಟು ಹೇಳಿದ ಮೇಲೂ ಆ 40 ವಾಟ್ ನೋಡೋಕೆ ಹೋಗೇ ಹೋಗ್ತೀರಿ, ನನಗೆ ಗೊತ್ತು. ಹಿಂಬದಿಯಲ್ಲಿ 230 ವೋಲ್ಟ್ ಅಂತಿದೆಯಾ, 120 ಅಂತಿದೆಯಾ ಓದಿ. 120 ಆದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚು ಬೇರೆ. ಪ್ಲಗ್ ಕೀಳಿಸಿ ಫ್ಯೂಸ್ ತೆಗೆದು ನೋಡಿ. ನಾನು ನೋಡಿದ ಒಂದರಲ್ಲಿ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿಟ್ಟಿದ್ದರು, ಅಲ್ಲಿಂದಲೇ ವಾಪಸ್ ಬಂದೆ. ಸ್ಪೀಕರ್ ತಂತಿ ಸಿಕ್ಕಿಸದೆ ಆನ್ ಮಾಡೋಕೆ ಬಿಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ಬಿಸಿ ಆದ ಮೇಲೆ ಸಣ್ಣ ವಾಲ್ವ್‌ಗಳನ್ನು ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಠಣ್ ಅಂತ ಗಂಟೆ ಬಾರಿಸಿದ ಹಾಗೆ ಕೇಳಿದರೆ ಆ ವಾಲ್ವ್ ಬದಲಿಸಬೇಕು, ಅದರ ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಹಿಂಬದಿಯ ಫೋಟೋ ಒಂದು ಇಲ್ಲಿ ಹಾಕಿ, ಯಾವ ವಾಲ್ವ್ ಅಂತ ನೋಡಿ ಹೇಳುತ್ತೇನೆ.